ದಪ್ಪ ಗಟ್ಟಿಮರ ಸೀಳಲು ಎಷ್ಟು ಹಲ್ಲಿನ ಬ್ಲೇಡ್ ಬೇಕು?

ಪ್ರಶ್ನೆ: ಬಿಡುವಿನ ವೇಳೆಯಲ್ಲಿ ಮರಗೆಲಸ ಮಾಡುತ್ತೇನೆ. ನನ್ನ ಬಳಿ 10 ಇಂಚಿನ ಟೇಬಲ್ ಗರಗಸವಿದೆ, ಮೋಟಾರು ಒಂದೂವರೆ ಅಶ್ವಶಕ್ತಿಯದು. ಮೇಜಿನ ಕಾಲುಗಳಿಗಾಗಿ 60 ಮಿಲಿಮೀಟರ್ ದಪ್ಪದ ತೇಗದ ಹಲಗೆಗಳನ್ನು ಉದ್ದಕ್ಕೆ ಸೀಳಬೇಕು. ಗಟ್ಟಿಮರಕ್ಕೆ ಹಲ್ಲು ಹೆಚ್ಚಿರಬೇಕು, ಆಗ ಕೊಯ್ತವೂ ನುಣುಪಾಗಿ ಬರುತ್ತದೆ ಎಂದು ಪರಿಚಯದವರು ಹೇಳಿದ್ದರಿಂದ 80 ಹಲ್ಲಿನ ಬ್ಲೇಡ್ ತಂದೆ. ಅರ್ಧ ಅಡಿ ಹೋಗುವಷ್ಟರಲ್ಲಿ ಹೊಗೆ ಏಳುತ್ತದೆ, ಕೊಯ್ದ ಎರಡೂ ಮುಖ ಕಪ್ಪಾಗುತ್ತದೆ, ಮೋಟಾರು ಗೊರಗುಟ್ಟಿ ನಿಂತುಬಿಡುತ್ತದೆ. ಮೊನ್ನೆ ಹಲಗೆ ಇದ್ದಕ್ಕಿದ್ದಂತೆ ಹಿಂದಕ್ಕೆ ಚಿಮ್ಮಿತು, ಪಕ್ಕೆಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. 100 ಹಲ್ಲಿನ ಬ್ಲೇಡ್ ತರಲೇ? ಕಲ್ಲು ಕೊಯ್ಯುವ ಡೈಮಂಡ್ ಬ್ಲೇಡ್ ಹಾಕಬಹುದೇ? ಅಥವಾ ದೊಡ್ಡ ಮೋಟಾರಿನ ಯಂತ್ರವನ್ನೇ ಕೊಳ್ಳಬೇಕೇ?

ಉತ್ತರ: ಮೊದಲಿಗೆ, ಇನ್ನೊಂದು ಹಲಗೆಯನ್ನು ಆ ಬ್ಲೇಡಿಗೆ ಕೊಡಬೇಡಿ. ಹೊಗೆ, ಮೋಟಾರು ನಿಲ್ಲುವುದು, ಹಲಗೆ ಚಿಮ್ಮುವುದು ಎಂದು ನೀವು ಮೂರು ತೊಂದರೆ ಬರೆದಿದ್ದೀರಿ. ಇವು ಬೇರೆ ಬೇರೆಯಲ್ಲ, ಒಂದೇ ತೊಂದರೆಯ ಮೂರು ಹಂತಗಳು. ಮೊದಲು ಬ್ಲೇಡ್ ಉಜ್ಜುತ್ತದೆ, ಆಮೇಲೆ ಬಿಗಿಯುತ್ತದೆ, ಕೊನೆಗೆ ಎತ್ತಿ ಎಸೆಯುತ್ತದೆ. ಮೂರನೆಯ ಹಂತಕ್ಕೆ ನೀವು ಒಮ್ಮೆ ಹೋಗಿ ಬಂದಿದ್ದೀರಿ. ಹತ್ತು ಇಂಚಿನ ಬ್ಲೇಡ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಅದರ ಹಲ್ಲಿನ ತುದಿ ಗಂಟೆಗೆ 190 ಕಿಲೋಮೀಟರಿಗೆ ಹತ್ತಿರದ ವೇಗದಲ್ಲಿ ಓಡುತ್ತಿರುತ್ತದೆ. ಮೇಲೇಳುವ ಹಿಂಬದಿಯ ಹಲ್ಲಿಗೆ ಹಲಗೆ ಸಿಕ್ಕಿಕೊಂಡರೆ ಅದೇ ರಭಸದಲ್ಲಿ ನಿಮ್ಮ ಕಡೆಗೆ ಬರುತ್ತದೆ. ಕೈ ಅಡ್ಡ ಹಿಡಿಯಲು ಸಮಯವೇ ಇರುವುದಿಲ್ಲ.

ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಬೇಡ ಎಂಬುದೇ. 100 ಹಲ್ಲಿನದು ಬೇಡ. ಡೈಮಂಡ್ ಬ್ಲೇಡ್ ಖಂಡಿತ ಬೇಡ. ದೊಡ್ಡ ಮೋಟಾರು ಸದ್ಯಕ್ಕೆ ಬೇಡ. ನಿಮಗೆ ಬೇಕಾಗಿರುವುದು 24 ಹಲ್ಲಿನ, ತೆಳು ಕೊಯ್ತದ, ಉದ್ದಕ್ಕೆ ಸೀಳಲೆಂದೇ ಮಾಡಿದ, ಹಲ್ಲಿನ ತುದಿಗೆ ಉಕ್ಕಿಗಿಂತ ಗಡುಸಾದ ಕಾರ್ಬೈಡ್ ಬೆಸೆದ ಬ್ಲೇಡ್. ಯಾಕೆಂದು ವಿವರವಾಗಿ ಹೇಳುತ್ತೇನೆ. ಕಾರಣ ತಿಳಿಯದೆ ಬ್ಲೇಡ್ ಬದಲಿಸಿದರೆ ಮುಂದಿನ ಮರಕ್ಕೆ ಮತ್ತೆ ಇದೇ ತಪ್ಪು ಆಗುತ್ತದೆ.

"ಗಟ್ಟಿಮರಕ್ಕೆ ಹೆಚ್ಚು ಹಲ್ಲು" ಎಂಬ ಮಾತು ಹುಟ್ಟಿದ್ದು ಅಡ್ಡಕೊಯ್ತದಿಂದ. ಪ್ಲೈವುಡ್ ಕೊಯ್ಯುವಾಗ, ಚೌಕಟ್ಟಿನ ಪಟ್ಟಿಯನ್ನು ಅಡ್ಡಕ್ಕೆ ತುಂಡರಿಸುವಾಗ ಹಲ್ಲು ಹೆಚ್ಚಿದ್ದಷ್ಟೂ ಅಂಚು ಚೊಕ್ಕಟವಾಗಿ ಬರುತ್ತದೆ, ಅದು ನಿಜ. ಅಲ್ಲಿ ನಾರನ್ನು ಅಡ್ಡಡ್ಡ ಕತ್ತರಿಸಬೇಕು. ಅದಕ್ಕಾಗಿಯೇ ಅಂತಹ ಬ್ಲೇಡಿನ ಹಲ್ಲುಗಳ ತುದಿಯನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಓರೆಯಾಗಿ, ಚಾಕುವಿನ ಮೊನೆಯಂತೆ ಸಾಣೆ ಹಿಡಿದಿರುತ್ತಾರೆ. ಉದ್ದಕ್ಕೆ ಸೀಳುವ ಕೆಲಸವೇ ಬೇರೆ. ಅಲ್ಲಿ ಹಲ್ಲು ನಾರಿನ ಜೊತೆಜೊತೆಗೆ ಸಾಗುತ್ತಾ ಉಳಿಯಂತೆ ಅದನ್ನು ಎಬ್ಬಿಸಿ ತೆಗೆಯಬೇಕು. ಹಾಗಾಗಿ ಸೀಳುವ ಬ್ಲೇಡಿನ ಹಲ್ಲು ಉಳಿಯ ಬಾಯಿಯಂತೆಯೇ ಚಪ್ಪಟೆ. ಹಲ್ಲು ಮುಂದಕ್ಕೆ 18ರಿಂದ 22 ಡಿಗ್ರಿಯಷ್ಟು ಬಾಗಿರುತ್ತದೆ, ಮರವನ್ನು ಒಳಗೆಳೆದುಕೊಂಡು ಕಡಿಯುತ್ತದೆ. ಹಲ್ಲು ಹಲ್ಲುಗಳ ನಡುವೆ ಹೆಬ್ಬೆರಳ ತುದಿ ಇಡಬಹುದಾದಷ್ಟು ದೊಡ್ಡ ಕುಳಿ ಇರುತ್ತದೆ. ಬ್ಲೇಡ್ ಆರಿಸುವವರು ಹಲ್ಲು ಎಣಿಸುತ್ತಾರೆ. ನಾನು ಮೊದಲು ನೋಡುವುದು ಆ ಕುಳಿಯನ್ನು.

ದಪ್ಪ ಮರದಲ್ಲಿ ಎಲ್ಲವೂ ನಿಂತಿರುವುದು ಆ ಕುಳಿಯ ಮೇಲೆ. ಹಲ್ಲು ಮರದೊಳಗೆ ಹೊಕ್ಕ ಕ್ಷಣದಿಂದ ಕೆಳಗೆ ಹೊರಬರುವವರೆಗೆ ತಾನು ಕಡಿದ ಹೊಟ್ಟನ್ನು ಹೊತ್ತುಕೊಂಡೇ ಸಾಗಬೇಕು, ನಡುವೆ ಚೆಲ್ಲಲು ಜಾಗವಿಲ್ಲ. ನಿಮ್ಮ ಹಲಗೆ 60 ಮಿಲಿಮೀಟರ್ ದಪ್ಪ. ಬ್ಲೇಡನ್ನು ಗರಗಸದ ಮೇಜಿನಿಂದ 70 ಮಿಲಿಮೀಟರ್ ಎತ್ತಿದ್ದೀರಿ ಎಂದಿಟ್ಟುಕೊಂಡರೆ, ಬ್ಲೇಡ್ ದುಂಡಗಿರುವುದರಿಂದ ಪ್ರತಿ ಹಲ್ಲೂ ಮರದೊಳಗೆ ಸುಮಾರು 9 ಸೆಂಟಿಮೀಟರ್ ದಾರಿ ಸವೆಸುತ್ತದೆ. 80 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಒಂದು ಸೆಂಟಿಮೀಟರ್ ಅಂತರವೂ ಇಲ್ಲ. ಅಂದರೆ ಯಾವುದೇ ಕ್ಷಣದಲ್ಲಿ ಒಂಬತ್ತು ಹಲ್ಲುಗಳು ಮರದೊಳಗೆ ಸಾಲಾಗಿ ಇರುತ್ತವೆ, ಒಂದೊಂದಕ್ಕೂ ಬೇಳೆಕಾಳು ಹಿಡಿಸುವಷ್ಟು ಕುಳಿ. ಮರ ಪುಡಿಯಾದಾಗ ಇಡಿಯಾಗಿದ್ದಾಗಿನದಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಕುಳಿ ಅರ್ಧ ದಾರಿಯಲ್ಲೇ ತುಂಬಿಹೋಗುತ್ತದೆ. ಆಮೇಲೆ ಆ ಪುಡಿ ಬ್ಲೇಡಿನ ಪಕ್ಕಕ್ಕೆ ಹಿಂಡಿಕೊಂಡು ಎರಡೂ ಬದಿಯ ಮರಕ್ಕೆ ತಿಕ್ಕುತ್ತದೆ. ನಿಮ್ಮ ಹಲಗೆಯ ಎರಡೂ ಮುಖ ಕಪ್ಪಾದದ್ದು ಹೀಗೆ. 24 ಹಲ್ಲಿನ ಬ್ಲೇಡಿನಲ್ಲಿ ಅದೇ ಜಾಗದಲ್ಲಿ ಎರಡು ಅಥವಾ ಮೂರು ಹಲ್ಲು ಮಾತ್ರ ಇರುತ್ತವೆ.

ಇನ್ನೊಂದು ಲೆಕ್ಕವನ್ನೂ ನೋಡಿ. ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಹಲಗೆ ತಳ್ಳುತ್ತೀರಿ, ಬ್ಲೇಡ್ 4,000 ಸುತ್ತು ತಿರುಗುತ್ತದೆ ಎನ್ನೋಣ. 24 ಹಲ್ಲಿದ್ದರೆ ಒಂದೊಂದು ಹಲ್ಲೂ 0.03 ಮಿಲಿಮೀಟರ್ ದಪ್ಪದ ಚಕ್ಕೆ ತೆಗೆಯುತ್ತದೆ. 80 ಹಲ್ಲಿದ್ದರೆ ಅದು 0.01 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಮೋಟಾರು ಬಳಲುತ್ತಿದೆ ಎಂದು ನೀವು ತಳ್ಳುವುದನ್ನು ನಿಧಾನ ಮಾಡುತ್ತೀರಿ, ಚಕ್ಕೆ ಇನ್ನೂ ತೆಳ್ಳಗಾಗುತ್ತದೆ. ಅಷ್ಟು ತೆಳುವಾದ ಪದರವನ್ನು ಹಲ್ಲು ಕಡಿಯಲಾರದು, ಮರದ ಮೇಲೆ ಜಾರಿ ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಬ್ಲೇಡಿನ ಅಂಚು ಹಿಗ್ಗಿ ತಟ್ಟೆ ಅಲೆಯುತ್ತದೆ, ಅಲೆದರೆ ಇನ್ನಷ್ಟು ಉಜ್ಜಾಟ. ನಿಧಾನಕ್ಕೆ ತಳ್ಳಿದರೆ ಸುಡುವುದಿಲ್ಲ ಎಂದುಕೊಂಡು ಎಷ್ಟೋ ಮಂದಿ ಮರವನ್ನು ಸುಟ್ಟುಕೊಳ್ಳುವುದು ಇಲ್ಲೇ.

ಇದನ್ನು ಲೆಕ್ಕವಿಲ್ಲದೆ ಕೈಯಲ್ಲೇ ತಿಳಿಯಬಹುದು. ಯಂತ್ರ ನಿಲ್ಲಿಸಿ, ಕೆಳಗೆ ಬಿದ್ದ ಹೊಟ್ಟನ್ನು ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ. ಚೆನ್ನಾಗಿ ಸೀಳುತ್ತಿರುವ ಬ್ಲೇಡಿನ ಹೊಟ್ಟು ತರಿತರಿಯಾಗಿರುತ್ತದೆ, ನಡುನಡುವೆ ಸಣ್ಣ ಎಳೆಗಳು ಸಿಗುತ್ತವೆ, ಮರದ ಬಣ್ಣವೇ ಇರುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ನಿಮ್ಮದು ಮೈಗೆ ಹಚ್ಚುವ ಪೌಡರಿನಂತೆ ಬೆರಳ ಗೆರೆಗಳಲ್ಲಿ ಸೇರಿಕೊಂಡು ಕಂದು ಕಲೆ ಬಿಡುತ್ತದೆ ಎಂದು ನನಗೆ ಅನುಮಾನವೇ ಇಲ್ಲ. ಆ ನಯವಾದ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಷ್ಟು ಹಿಂದೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮುಖಕ್ಕೆ ಸರಿಯಾದ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ನಿಲ್ಲಬೇಡಿ.

ಈಗ ಡೈಮಂಡ್ ಬ್ಲೇಡಿನ ಮಾತು. ಕಲ್ಲಿನ ಡೈಮಂಡ್ ಬ್ಲೇಡಿಗೆ ಹಲ್ಲೇ ಇಲ್ಲ, ಅಂಚಿಗೆ ಹರಳಿನ ಪುಡಿ ಕೂರಿಸಿರುತ್ತಾರೆ. ಅದು ಕಲ್ಲನ್ನು ಅರೆಯುತ್ತದೆ. ಮರವನ್ನು ಅರೆದರೆ ಬೆಂಕಿ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಅಭ್ಯಾಸ: ಕೈಯಲ್ಲಿ ಹಿಡಿಯುವ ಗ್ರೈಂಡರಿಗೆ ಮರದ ಹಲ್ಲಿನ ಬ್ಲೇಡ್ ಸಿಕ್ಕಿಸಿ ದಪ್ಪ ಮರ ಕೊಯ್ಯಲು ಹೋಗುವುದು. ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಸಣ್ಣ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಬ್ಲೇಡ್ ಮುಚ್ಚುವ ಕವಚ ಅರ್ಧಂಬರ್ಧ, ಮರದ ಮೇಲೆ ಕೂರಲು ಪಾದವಿಲ್ಲ. ಹಲ್ಲು ಗಂಟಿಗೆ ಸಿಕ್ಕಿದರೆ ಇಡೀ ಯಂತ್ರವೇ ಕೈಯಿಂದ ಹಾರಿ ತೊಡೆಗೋ ಕುತ್ತಿಗೆಗೋ ಬರುತ್ತದೆ. ಸಾಣೆಗೆಂದು ನನ್ನ ಬಳಿಗೆ ಬ್ಲೇಡ್ ತರುವವರಲ್ಲಿ ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ. ಯಾವ ಬ್ಲೇಡ್ ಆದರೂ ಅದರ ಮೈಮೇಲೆ ಗರಿಷ್ಠ ಸುತ್ತಿನ ಸಂಖ್ಯೆ ಬರೆದಿರುತ್ತದೆ. ನಿಮ್ಮ ಯಂತ್ರದ ಸುತ್ತು ಅದಕ್ಕಿಂತ ಕಡಿಮೆ ಇರಲೇಬೇಕು.

ದೊಡ್ಡ ಮೋಟಾರು ತಂದರೆ ಈ 80 ಹಲ್ಲಿನ ಬ್ಲೇಡ್ ನಿಲ್ಲದೆ ತಿರುಗೀತು. ಆದರೆ ಉಜ್ಜುವುದು, ಸುಡುವುದು ಹಾಗೆಯೇ ಇರುತ್ತದೆ. ಬಿಗಿದ ಹಲಗೆಯನ್ನು ಈಗಿರುವುದಕ್ಕಿಂತ ಜೋರಾಗಿ ಎಸೆಯುವ ಶಕ್ತಿಯೂ ಬರುತ್ತದೆ.

ತೇಗದ ಬಗ್ಗೆಯೂ ಒಂದು ಮಾತು ಹೇಳಬೇಕು. ಗಡಸುತನದಲ್ಲಿ ತೇಗ ಬೀಟೆಯ ಹತ್ತಿರಕ್ಕೂ ಬರುವುದಿಲ್ಲ, ಓಕ್ ಮರಕ್ಕಿಂತಲೂ ಮೆದು. ಆದರೆ ಅದರೊಳಗೆ ಮರಳಿನ ಅಂಶವಾದ ಸಿಲಿಕಾ ಇದೆ, ಎಣ್ಣೆಯೂ ಇದೆ. ಸಿಲಿಕಾ ಹಲ್ಲಿನ ಅಂಚನ್ನು ತಿನ್ನುತ್ತದೆ, ಎಣ್ಣೆ ಬಿಸಿಗೆ ಕಾದು ಹಲ್ಲಿನ ಪಕ್ಕದಲ್ಲಿ ಕಂದು ಪದರವಾಗಿ ಕೂರುತ್ತದೆ. ಆದ್ದರಿಂದ ಸಾದಾ ಉಕ್ಕಿನ ಬ್ಲೇಡ್ ತೇಗಕ್ಕೆ ಬೇಗ ಮೊಂಡಾಗುತ್ತದೆ, ಕಾರ್ಬೈಡ್ ತುಂಡು ಬೆಸೆದ ಹಲ್ಲೇ ಬೇಕು. ಈಗಿರುವ ಬ್ಲೇಡನ್ನು ಎಸೆಯಬೇಡಿ. ಯಂತ್ರದ ಪ್ಲಗ್ ಕಿತ್ತು, ಬ್ಲೇಡ್ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಲ್ಲಿನ ಅಂಚು ಕಣ್ಣಿಗೆ ಗೆರೆಯಾಗಿಯೂ ಕಾಣದಿದ್ದರೆ ಅದು ಇನ್ನೂ ಹರಿತ. ಬಿಳಿಯ ನೂಲಿನಂತೆ ಮಿಂಚಿದರೆ ಮೊಂಡಾಗಿದೆ, ಆ ಮಿಂಚು ದುಂಡಗಾದ ಅಂಚಿನದು. ಹಲ್ಲಿನ ಪಕ್ಕದ ಕಂದು ಪದರವನ್ನು ಬಿಸಿನೀರು, ಬಟ್ಟೆ ಒಗೆಯುವ ಪುಡಿಯಲ್ಲಿ ಸ್ವಲ್ಪ ಹೊತ್ತು ನೆನೆಸಿ ನೈಲಾನ್ ಬ್ರಷ್‌ನಿಂದ ತೆಗೆಯಬಹುದು, ಆಮೇಲೆ ನೀರಿನ ಪಸೆ ಇಲ್ಲದಂತೆ ಒರೆಸಿ. ಚೂರಿಯಿಂದ ಕೆರೆಯಬೇಡಿ, ಕಾರ್ಬೈಡ್ ಗಟ್ಟಿ ಆದರೆ ಪೆಡಸು, ಮೂಲೆ ಸಿಡಿಯುತ್ತದೆ. ಮೊಂಡಾಗಿದ್ದರೆ ಸಾಣೆ ಹಿಡಿಸಿ ಪ್ಲೈವುಡ್ಡಿಗೂ ಅಡ್ಡಕೊಯ್ತಕ್ಕೂ ಇಟ್ಟುಕೊಳ್ಳಿ. ಒಳ್ಳೆಯ ಕಾರ್ಬೈಡ್ ಬ್ಲೇಡ್ ಹಲವು ಬಾರಿ ಸಾಣೆ ತಾಳುತ್ತದೆ.

ಇನ್ನು ಹೊಸ ಬ್ಲೇಡ್. ಮಾಮೂಲು ದಪ್ಪದ ಬ್ಲೇಡ್ ಮರದಲ್ಲಿ ಸುಮಾರು 3.2 ಮಿಲಿಮೀಟರ್ ಅಗಲದ ಸೀಳು ಮಾಡುತ್ತದೆ, ತೆಳು ಕೊಯ್ತದ ಬ್ಲೇಡ್ ಸುಮಾರು 2.4 ಮಾಡುತ್ತದೆ. ಅಂದರೆ ಕಾಲು ಭಾಗದಷ್ಟು ಕಡಿಮೆ ಮರವನ್ನು ಕಡಿದು ತೆಗೆಯಬೇಕು. ಒಂದೂವರೆ ಅಶ್ವಶಕ್ತಿಗೆ ಇದು ದೊಡ್ಡ ಉಪಕಾರ. ಆದರೆ ಇಲ್ಲಿ ಒಂದು ಅಪಾಯವಿದೆ, ಬಹಳ ಮಂದಿ ಗಮನಿಸುವುದಿಲ್ಲ. ಬ್ಲೇಡಿನ ಬೆನ್ನಿಗೆ ನಿಂತಿರುವ ಉಕ್ಕಿನ ಸೀಳುಪಟ್ಟಿ ಇದೆಯಲ್ಲ, ಸೀಳಿದ ಮರ ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ಕಾಯುವುದು ಅದೇ. ಅದರ ದಪ್ಪ ಬ್ಲೇಡಿನ ತಟ್ಟೆಗಿಂತ ಹೆಚ್ಚು, ಹಲ್ಲಿನ ಕೊಯ್ತಕ್ಕಿಂತ ಕಡಿಮೆ ಇರಬೇಕು. ನಿಮ್ಮ ಯಂತ್ರದ ಪಟ್ಟಿ 2.5 ಮಿಲಿಮೀಟರ್ ಇದ್ದು ನೀವು 2.4ರ ಬ್ಲೇಡ್ ತಂದರೆ ಹಲಗೆ ಪಟ್ಟಿಯ ಬಳಿ ಬಂದು ಸಿಕ್ಕಿಕೊಳ್ಳುತ್ತದೆ. ಆಗ ಜನ ಮಾಡುವ ಕೆಲಸವೆಂದರೆ ಪಟ್ಟಿಯನ್ನೇ ಬಿಚ್ಚಿಡುವುದು. ನಿಮ್ಮ ಯಂತ್ರದಲ್ಲಿ ಪಟ್ಟಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಹಲಗೆ ಹಿಂದಕ್ಕೆ ಚಿಮ್ಮಿದ್ದನ್ನು ಓದಿದರೆ ಬಹುಶಃ ಈಗಾಗಲೇ ಬಿಚ್ಚಿದ್ದೀರಿ ಎನಿಸುತ್ತದೆ. ದಯವಿಟ್ಟು ಹಾಕಿ.

24 ಹಲ್ಲಿನ ಬ್ಲೇಡಿಗೂ ಮಿತಿಗಳಿವೆ. ಕೊಯ್ದ ಮುಖದಲ್ಲಿ ಹಲ್ಲಿನ ಗೀರು ಉಳಿಯುತ್ತದೆ. ಗೀಚಿದ ಗೆರೆಗಿಂತ ಒಂದೂವರೆ ಮಿಲಿಮೀಟರ್ ಹೆಚ್ಚು ಬಿಟ್ಟು ಕೊಯ್ದು, ಆಮೇಲೆ ರಂದ ಹೊಡೆದು ಗೆರೆಗೆ ತರಬೇಕು. ನನ್ನ ಮಟ್ಟಿಗೆ ಇದು ನಷ್ಟವಲ್ಲ, ಸುಟ್ಟ ಮುಖವನ್ನು ರಂದ ಹೊಡೆಯುವುದು ಇದಕ್ಕಿಂತ ಕಷ್ಟ. ಸುಟ್ಟು ಗಡುಸಾದ ಪದರ ರಂದದ ಅಲಗನ್ನೂ ಕೆಡಿಸುತ್ತದೆ, ಅಂಟನ್ನೂ ಹೀರಿಕೊಳ್ಳುವುದಿಲ್ಲ. ಹಲ್ಲು ಮುಂದಕ್ಕೆ ಬಹಳ ಬಾಗಿರುವುದರಿಂದ ಈ ಬ್ಲೇಡನ್ನು ಮೇಲಿನಿಂದ ಇಳಿಸಿ ಎಳೆದು ಕೊಯ್ಯುವ ಮೈಟರ್ ಗರಗಸಕ್ಕೆ ಎಂದೂ ಹಾಕಬೇಡಿ, ಅಲ್ಲಿ ಅದು ಮರದ ಮೇಲೆ ಹತ್ತಿ ನಿಮ್ಮತ್ತ ಓಡಿಬರುತ್ತದೆ. ಆ ಯಂತ್ರಕ್ಕೆ ಹಲ್ಲು ನೆಟ್ಟಗಿರುವ ಅಥವಾ ಹಿಂದಕ್ಕೆ ಬಾಗಿದ ಬ್ಲೇಡ್ ಬೇರೆಯೇ ಇದೆ.

ಎರಡೂ ಕೆಲಸಕ್ಕೆ ಒಂದೇ ಎಂದು ಮಾರುವ 40 ಅಥವಾ 50 ಹಲ್ಲಿನ ಬ್ಲೇಡ್ ಸಾಕಾಗುವುದಿಲ್ಲವೇ ಎಂದು ಕೇಳಬಹುದು. 25 ಮಿಲಿಮೀಟರ್ ಹಲಗೆಗೆ ಸಾಕು, ನಾನೂ ಬಳಸುತ್ತೇನೆ. 60 ಮಿಲಿಮೀಟರಿಗೆ, ನಿಮ್ಮ ಮೋಟಾರಿಗೆ, ಬೇಡ.

ಸರಿಯಾದ ಬ್ಲೇಡ್ ಹಾಕಿದ ಮೇಲೂ ಒಂದೇ ಸಲಕ್ಕೆ ಪೂರ್ತಿ ಸೀಳುವ ಹಟ ಬೇಕಿಲ್ಲ. ಮೊದಲು 32 ಮಿಲಿಮೀಟರ್ ಆಳಕ್ಕೆ ಒಂದು ಸಾಲು ಕೊಯ್ಯಿರಿ. ಆಮೇಲೆ ಹಲಗೆಯನ್ನು ತಲೆಬುಡ ಬದಲಿಸಿ ಮಗುಚಿ, ಫೆನ್ಸಿಗೆ (ಹಲಗೆಯನ್ನು ತಾಗಿಸಿ ನೇರವಾಗಿ ಸಾಗಿಸಲು ಬ್ಲೇಡಿನ ಪಕ್ಕದಲ್ಲಿರುವ ಅಡ್ಡಗಟ್ಟೆಗೆ) ಮೊದಲು ತಾಗಿದ್ದ ಅಂಚೇ ಮತ್ತೆ ತಾಗುವಂತೆ ಇಟ್ಟು ಇನ್ನೊಂದು ಸಾಲು. ಎರಡು ಸಾಲು ನಡುವೆ ಕೂಡಿದಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಬಂದೀತು, ರಂದಕ್ಕೆ ಹೋಗುತ್ತದೆ. ಸೀಳುಪಟ್ಟಿಯ ತುದಿ ಬ್ಲೇಡಿನ ತುದಿಗಿಂತ ಸ್ವಲ್ಪ ಕೆಳಗೆ ಇದ್ದರೆ ಮಾತ್ರ ಅರ್ಧ ಆಳದ ಕೊಯ್ತ ಸಾಧ್ಯ. ಇಲ್ಲವಾದರೆ ಈ ವಿಧಾನಕ್ಕೆ ಕೈಹಾಕಬೇಡಿ, ಒಂದೇ ಸಲಕ್ಕೆ ಸೀಳಿ. ಒಂದೇ ಸಲಕ್ಕೆ ಸೀಳುವಾಗ ಬ್ಲೇಡನ್ನು ಮರದ ಮೇಲೆ ಹಲ್ಲಿನ ಕುಳಿ ಪೂರ್ತಿ ಕಾಣುವಷ್ಟು ಎತ್ತಿ. ತೀರಾ ತಗ್ಗಿಸಿದರೆ ಹಲ್ಲು ಮರದೊಳಗೆ ಸವೆಸುವ ದಾರಿ ಇನ್ನೂ ಉದ್ದವಾಗುತ್ತದೆ. ಎತ್ತಿದಷ್ಟೂ ಹೊರಗೆ ಕಾಣುವ ಹಲ್ಲು ಹೆಚ್ಚು, ಹಾಗಾಗಿ ಮೇಲಿನ ಕವಚ ಇರಲೇಬೇಕು, ಕೊನೆಯ ಒಂದಡಿಯನ್ನು ತಳ್ಳುಕೋಲಿನಿಂದಲೇ ದಾಟಿಸಬೇಕು. ಕೈಗವಸು ಬೇಡ, ಅದರ ನೂಲು ಹಲ್ಲಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಎಲ್ಲ ಸರಿಯಿದ್ದೂ ಹಲಗೆ ಬ್ಲೇಡನ್ನು ಬಿಗಿಯುವುದುಂಟು. ಅದು ಮರದ ಗುಣ. ಅವಸರದಲ್ಲಿ ಒಣಗಿಸಿದ ಹಲಗೆಯ ಹೊರಮೈ ಮತ್ತು ಒಳಮೈ ಒಂದನ್ನೊಂದು ಎಳೆದು ಹಿಡಿದಿರುತ್ತವೆ. ವಾಲಿ ಬೆಳೆದ ಮರದ ಮೇಲುಬದಿಯಲ್ಲೂ ಇಂತಹ ಬಿಗುವು ಇರುತ್ತದೆ. ಸೀಳಿದಾಗ ಆ ಬಿಗುವು ಬಿಡುಗಡೆಯಾಗಿ ಎರಡು ಹೋಳು ಹೊರಕ್ಕೆ ಬಾಗಬಹುದು, ಇಲ್ಲವೇ ಒಳಕ್ಕೆ ಮುಚ್ಚಿಕೊಳ್ಳಬಹುದು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಪೂರ್ತಿ ಒಣಗಿರದ ಬೀಟೆಯ ತುಂಡೊಂದನ್ನು ಸೀಳುತ್ತಿದ್ದೆ. ಕಣ್ಣೆದುರೇ ಸೀಳು ನೂಲಿನಷ್ಟು ಕಿರಿದಾಯಿತು, ಬ್ಲೇಡಿನ ಸದ್ದು ಕೀರಲಾಯಿತು. ಆ ಸದ್ದಿನ ಅರ್ಥ ನನಗೆ ಗೊತ್ತಿರಲಿಲ್ಲ, ಇನ್ನಷ್ಟು ಬಲವಾಗಿ ತಳ್ಳಿದೆ. ತುಂಡು ನನ್ನ ಸೊಂಟದ ಪಕ್ಕದಿಂದ ಹಾದು ಹಿಂದಿನ ಗೋಡೆಯ ಗಾರೆಯನ್ನು ಎಬ್ಬಿಸಿತು. ಒಂದು ಹೆಜ್ಜೆ ಎಡಕ್ಕೆ ನಿಂತಿದ್ದರಿಂದ ಉಳಿದೆ. ಈಗ ಸದ್ದು ಬದಲಾದ ಕೂಡಲೇ ಹಲಗೆಯನ್ನು ಮೇಜಿಗೆ ಒತ್ತಿ ಹಿಡಿದು, ಅಲುಗಿಸದೆ, ಹಿಂದಕ್ಕೆ ಎಳೆಯದೆ, ಯಂತ್ರ ಆರಿಸುತ್ತೇನೆ. ಬ್ಲೇಡ್ ಪೂರ್ತಿ ನಿಂತ ಮೇಲೆ ಸೀಳಿನೊಳಗೆ ಮರದ ಬೆಣೆ ಬಡಿದು ಅಗಲಿಸುತ್ತೇನೆ. ದೊಡ್ಡ ತೊಲೆಗಳನ್ನು ಇಬ್ಬರು ನಿಂತು ಕೈಗರಗಸದಿಂದ ಸೀಳುತ್ತಿದ್ದವರೂ ಬೆಣೆ ಹೊಡೆಯುತ್ತಲೇ ಮುಂದೆ ಸಾಗುತ್ತಿದ್ದರು.

ಬ್ಲೇಡ್ ಬದಲಿಸಿದ ಮೇಲೂ ಕಪ್ಪು ಕಲೆ ಬಂದರೆ ಅದು ಎಲ್ಲಿದೆ ಎಂದು ನೋಡಿ. ಫೆನ್ಸಿನ ಕಡೆಯ ಮುಖದಲ್ಲಿ ಮಾತ್ರ ಇದ್ದರೆ ಫೆನ್ಸಿನ ಹಿಂತುದಿ ಬ್ಲೇಡಿನ ಕಡೆಗೆ ಒತ್ತಿ ನಿಂತಿದೆ. ಪ್ಲಗ್ ಕಿತ್ತು, ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ, ಅದೇ ಹಲ್ಲನ್ನು ಮುಂದೆ ಒಮ್ಮೆ ಹಿಂದೆ ಒಮ್ಮೆ ತಂದು ಫೆನ್ಸಿಗೆ ಇರುವ ದೂರ ಅಳೆಯಿರಿ. ಎರಡೂ ಸಮ ಇರಬೇಕು, ಹಿಂದೆ ಕೂದಲೆಳೆಯಷ್ಟು ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಮಾತ್ರ ಇರಕೂಡದು.

ವರ್ಷಕ್ಕೆ ಒಂದೆರಡು ಸಲ ಮಾತ್ರ ದಪ್ಪ ಮರ ಬರುವುದಾದರೆ ಬೇರೆ ದಾರಿಯೂ ಇದೆ. ಬ್ಯಾಂಡ್ ಸಾ, ಅಂದರೆ ಹಲ್ಲಿರುವ ಉದ್ದನೆಯ ಉಕ್ಕಿನ ಪಟ್ಟಿ ಸುತ್ತುವ ಗರಗಸ, ಇರುವ ಕಾರ್ಖಾನೆಗೆ ಹಲಗೆ ಕೊಂಡೊಯ್ಯಿರಿ. ಅಗಲವಾದ, ಇಂಚಿಗೆ ಮೂರು ಹಲ್ಲಿನ ಪಟ್ಟಿ ಹಾಕಿದ್ದಾರೆಯೇ ಎಂದು ಕೇಳಿ. ಅದರ ಪಟ್ಟಿ ಮರವನ್ನು ಮೇಜಿನ ಕಡೆಗೆ ಕೆಳಕ್ಕೆ ಒತ್ತುತ್ತದೆ, ಟೇಬಲ್ ಗರಗಸದಂತೆ ನಿಮ್ಮತ್ತ ಎಸೆಯುವುದಿಲ್ಲ. ಕೊಯ್ತ ಒರಟಾಗಿರುತ್ತದೆ, ಗೆರೆಯಿಂದ ಸ್ವಲ್ಪ ಅಲೆಯಲೂಬಹುದು, ಆದ್ದರಿಂದ ಎರಡು ಮೂರು ಮಿಲಿಮೀಟರ್ ಹೆಚ್ಚು ಬಿಟ್ಟು ಕೊಯ್ಸಿ. ನಾಲ್ಕೇ ಕಾಲುಗಳಾದರೆ ಇಂಚಿಗೆ ಐದು ಹಲ್ಲಿನ ಸೀಳುಗರಗಸದಲ್ಲಿ ಕೈಯಿಂದಲೂ ಮುಗಿಯುತ್ತದೆ, ತೋಳು ನೋಯುತ್ತದೆ ಅಷ್ಟೇ.

ಕಾಲುಗಳನ್ನು ಸೀಳಿದ ಮೇಲೆ ಬೇಕಾದ ಅಳತೆಗೆ ಅಡ್ಡಕ್ಕೆ ತುಂಡರಿಸುವಾಗ ನಿಮ್ಮ 80 ಹಲ್ಲಿನ ಬ್ಲೇಡಿನ ಸರದಿ ಬರುತ್ತದೆ. ಅಡ್ಡಕ್ಕೆ ಕೊಯ್ಯಬೇಕಾದದ್ದು ಕೆಲವೇ ಅಂಗುಲ, ಹರಿತವಾಗಿದ್ದರೆ ಅಲ್ಲಿ ಅದು ಚೊಕ್ಕ ಕೆಲಸ ಮಾಡುತ್ತದೆ. 60 ಹಲ್ಲಿನದಾಗಿದ್ದರೆ ಈ ದಪ್ಪಕ್ಕೆ ಇನ್ನೂ ಹಗುರವಾಗಿರುತ್ತಿತ್ತು.

ಹೊಸ ಬ್ಲೇಡ್ ಕೊಳ್ಳಲು ಹೊರಡುವ ಮುನ್ನ ಮೂರು ಅಳತೆ ಬರೆದುಕೊಳ್ಳಿ: ಸೀಳುಪಟ್ಟಿಯ ದಪ್ಪ, ಅದನ್ನು ಸಾಮಾನ್ಯವಾಗಿ ಪಟ್ಟಿಯ ಮೇಲೆಯೇ ಕೊರೆದಿರುತ್ತಾರೆ. ಬ್ಲೇಡ್ ಕೂರುವ ದಂಡದ ವ್ಯಾಸ, ರಂಧ್ರ ಅದಕ್ಕೆ ಸರಿಯಾಗಿ ಕೂರಬೇಕು, ಸಡಿಲವಿದ್ದರೆ ತಗೊಳ್ಳಬೇಡಿ. ಯಂತ್ರದ ಫಲಕದಲ್ಲಿರುವ ನಿಮಿಷಕ್ಕೆ ಇಷ್ಟು ಸುತ್ತು ಎಂಬ ಸಂಖ್ಯೆ. ಬ್ಲೇಡ್ ಹಾಕಿದ ಮೇಲೆ ಒಳ್ಳೆಯ ಹಲಗೆಗೆ ಮೊದಲು ಅದೇ ದಪ್ಪದ ಒಂದು ರದ್ದಿ ತುಂಡನ್ನು ಒಂದಡಿ ಸೀಳಿ, ಯಂತ್ರ ನಿಲ್ಲಿಸಿ, ಕೆಳಗಿನ ಹೊಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ. ತರಿಯಾಗಿ, ತಣ್ಣಗೆ ಸಿಕ್ಕರೆ ತೇಗದ ಹಲಗೆಯನ್ನು ಮೇಜಿನ ಮೇಲೆ ತನ್ನಿ.